ಕುದುರೆಯಂತೆ ಕೆನೆದ ಗೂಬೆ

ಮುಕಿಲ್ಟಿಯೊ
೨೩ ಮಾರ್ಚ್ ೨೦೨೫

ಗೂಡುಪೆಟ್ಟಿಗೆ ಸಂಸ್ಥಾನದ ಒಡೆಯರೂ, ಹೊಚ್ಚಹೊಸ ಸೊಂಟದ ಕೀಲಿನಿಂದ ಶೋಭಿಸುತ್ತಿರುವವರೂ ಆದ ಚಂದ್ರಮೌಳಿ ಮಾವನವರ ಸನ್ನಿಧಾನಕ್ಕೆ, ತಮ್ಮ ಅಕ್ಕನ ಮಗಳೂ, ತಾವು ಮೈಸೂರಿನಲ್ಲಿ ಹಾಸಿಗೆ ಹಿಡಿದಿರುವ ಈ ಅವಧಿಯಲ್ಲಿ ಸಂಸ್ಥಾನದ ಪ್ರಭಾರ ಹೊತ್ತವಳೂ ಆದ ಸ್ಪಂದನಾ ಮಾಡುವ ವಿಜ್ಞಾಪನೆ. ಇಲ್ಲಿ ನಾನು ಕ್ಷೇಮ, ಗೂಬೆಗಳು ಕ್ಷೇಮ, ಮಳೆ ನಮ್ಮೆಲ್ಲರಿಗಿಂತ ಕ್ಷೇಮ.

"ಫೋನ್ ಮಾಡ್ಬೇಡ, ಫೋನಲ್ಲಿ ನೀನು ನಗ್ತಾ ಇರ್ತೀಯ, ಯಾವುದು ನಿಜ ಯಾವುದು ಸುಳ್ಳು ಗೊತ್ತಾಗಲ್ಲ, ಕನ್ನಡದಲ್ಲಿ ಬರೆದು ಮೇಲ್ ಮಾಡು" ಎಂದು ವಿಮಾನ ಹತ್ತುವ ಮುನ್ನ ಅಪ್ಪಣೆ ಕೊಡಿಸಿದ್ದಿರಿ. ಅದರಂತೆ ಮೊದಲ ವರದಿ.

ಮನೆ ಹಿಂದಿನ ಕಮರಿಯಲ್ಲಿ ಗೂಬೆಗಳು ಗೂಡು ಮಾಡಲೆಂದು ತಾವು ಮರಗಳಿಗೆ ಕಟ್ಟಿರುವ ಪೆಟ್ಟಿಗೆಗಳ ಪೈಕಿ ಒಂದನ್ನು ಅಳಿಲು ಆಕ್ರಮಿಸಿದೆ, ಒಂದು ಖಾಲಿ, ಮೇಪಲ್ ಮರದ್ದರಲ್ಲಿ ಸ್ಕ್ರೀಚ್ ಎಂಬ ಪುಟ್ಟ ಜಾತಿಯ ಗೂಬೆ ದಂಪತಿ ಸಂಸಾರ ಹೂಡಿದ್ದಾರೆ. ತಮ್ಮ ಕೋಲು ಕ್ಯಾಮೆರಾವನ್ನು ನಿಯಮದಂತೆ ಒಂದೇ ಸಲ ತೂತಿನೊಳಗೆ ಇಣುಕಿಸಿದೆ. ಮರದ ಸಿಪ್ಪೆಯ ಮೇಲೆ ಕೂತಿದ್ದ ಹೆಣ್ಣು ನನ್ನನ್ನು ನೋಡಿದ ನೋಟ, ಅಮ್ಮ ಮಧ್ಯಾಹ್ನ ಒರಗಿದ್ದಾಗ ಸೇಲ್ಸ್‌ನವನು ಬೆಲ್ ಒತ್ತಿದರೆ ನೋಡುತ್ತಾಳಲ್ಲ, ಅದೇ. ಗಂಡು ಮಹಾಶಯ ಹಗಲೆಲ್ಲ ಪಕ್ಕದ ಸೀಡರ್ ಮರಕ್ಕೆ ಅಂಟಿಕೊಂಡು ತಾನೊಂದು ತೊಗಟೆ ಎಂದು ನಟಿಸುತ್ತಾನೆ. ಕಾಫಿ ಫ್ಲಾಸ್ಕಿನಷ್ಟೂ ಎತ್ತರವಿಲ್ಲ, ಗತ್ತು ಮಾತ್ರ ಡೆಪ್ಯುಟಿ ಕಮಿಷನರದ್ದು. ಮದುವೆಯ ಗೊಡವೆಗೇ ಹೋಗದ ತಾವು ಇವರ ಸಂಸಾರಕ್ಕೆ ಮನೆ ಕಟ್ಟಿಕೊಟ್ಟಿರುವುದು ಇತಿಹಾಸದಲ್ಲಿ ದಾಖಲಾಗಬೇಕಾದ ವಿಷಯ.

ನಿನ್ನೆ ಮುಸ್ಸಂಜೆ, ತಮ್ಮ ಆಜ್ಞೆಯಂತೆ, ಮರದ ಕೆಳಗಿನ ಒದ್ದೆ ದಿಮ್ಮಿಯ ಮೇಲೆ ಕೂತು ಗಂಡಿನ ಕೂಗನ್ನು ಆಲಿಸಿದೆ. ಏನೆಂದು ಬಣ್ಣಿಸಲಿ. ಎತ್ತರದಲ್ಲಿ ಶುರುವಾಗಿ ನಡುಗುತ್ತ ನಡುಗುತ್ತ ಕೆಳಗಿಳಿಯುವ ಧ್ವನಿ, ಥೇಟ್ ಕುದುರೆ ಕೆನೆದಂತೆ. ಮೈಸೂರಿನ ಟಾಂಗಾ ಕುದುರೆಯೊಂದು ವೀಸಾ ಪಡೆದು ಬಂದು ಮರ ಹತ್ತಿದೆಯೇ ಎಂದು ಮೂರು ಸಲ ಮೇಲೆ ನೋಡಿದೆ.

ಗೂಬೆಗಳು ಮನೆಯೊಳಗಿಲ್ಲ, ಹಿತ್ತಲಿನಲ್ಲಿವೆ, ಶಾಂತಿ ಮಾಡಿಸುವ ಅಗತ್ಯವಿಲ್ಲ ಎಂದು ಅಮ್ಮನಿಗೆ ತಿಳಿಸತಕ್ಕದ್ದು.

ಇಂತು ತಮ್ಮ ಆಜ್ಞಾಧಾರಕಿ,
ಸ್ಪಂದನಾ


ಸರಸ್ವತಿಪುರಂ, ಮೈಸೂರು
೨೬ ಮಾರ್ಚ್ ೨೦೨೫

ಚಿ. ಸ್ಪಂದನಾಳಿಗೆ ಆಶೀರ್ವಾದ.

ವರದಿ ತಲುಪಿತು. ಅಕ್ಕ ಗಟ್ಟಿಯಾಗಿ ಓದಿ ಹೇಳಿದಳು. ಸೇಲ್ಸ್‌ನವನ ಜಾಗ ಬಂದಾಗ ಓದುವುದನ್ನು ನಿಲ್ಲಿಸಿ, "ಬರಲಿ ಅವಳು ಇಲ್ಲಿಗೆ" ಎಂದಳು.

ಕುದುರೆ ಕೆನೆದಂತೆ ಎಂಬಲ್ಲಿಗೆ ಬಂದಾಗ ನಾನು ಹಾಸಿಗೆಯಲ್ಲಿ ಎದ್ದು ಕೂತುಬಿಟ್ಟೆ. ಫಿಸಿಯೋ ಹುಡುಗ ಬೈದ. ಕೂರದೆ ಏನು ಮಾಡಲಿ? ಆ ಕಮರಿಯಲ್ಲಿ ಇಷ್ಟು ವರ್ಷ ಕೂತಿದ್ದೇನೆ, ಅಂಥ ಕೂಗು ನನ್ನ ಕಿವಿಗೆ ಒಮ್ಮೆಯೂ ಬಿದ್ದಿಲ್ಲ. ಇದು ಸಾಮಾನ್ಯ ಸಂಗತಿಯಲ್ಲ. ನಮ್ಮ ಗೂಡುಪೆಟ್ಟಿಗೆ ಗುಂಪಿನವರಿಗೆ ತಿಳಿಸಲೇಬೇಕಾದದ್ದು.

ಆದರೆ ಬರಿಯ ಮಾತು ಸಾಲದು. ವಿಮಾನದ ಕಾರ್ಖಾನೆಯಲ್ಲಿ ನಾನು ಇನ್‌ಸ್ಪೆಕ್ಷನ್‌ನಲ್ಲಿದ್ದಷ್ಟು ಕಾಲವೂ ಒಂದು ರಿವೆಟ್ ಸರಿಯಾಗಿ ಕೂತಿದೆ ಎನ್ನಲು ಇಬ್ಬರ ಸಹಿ ಬೇಕಾಗಿತ್ತು. ಹೊಡೆದವನದೊಂದು, ನೋಡಿದವನದೊಂದು. ಇಲ್ಲಿಯೂ ಹಾಗೆಯೇ. ಒಬ್ಬ ಸಾಕ್ಷಿಯನ್ನು ಕರೆದುಕೊಂಡು ಹೋಗು. ಅದೇ ದಿಮ್ಮಿಯ ಮೇಲೆ ಕೂರು. ಕಿಟಕಿಯಿಂದ ಕೇಳಿದೆ, ಬಾಲ್ಕನಿಯಿಂದ ಕೇಳಿದೆ ಎಂದರೆ ಒಪ್ಪುವುದಿಲ್ಲ. ಮಳೆ ಬಂದರೆ ನೆನೆ. ಕೂಗನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸು.

ಯುಗಾದಿಗೆ ಮುಂಚಿತವಾಗಿ ಹಾರೈಕೆಗಳು. ಬೇವು ಸಿಗದಿದ್ದರೆ ನಿನ್ನ ಕಾಲೇಜಿನ ಕ್ಯಾಂಟೀನ್ ಕಾಫಿ ಕುಡಿ, ಅದೇ ಸಾಕಾಗುತ್ತದೆ.

ಮಾವ,
ಚಂದ್ರಮೌಳಿ


ಮುಕಿಲ್ಟಿಯೊ
೫ ಏಪ್ರಿಲ್ ೨೦೨೫

ಸಂಸ್ಥಾನಾಧೀಶ್ವರರಿಗೆ,

ತಾವು ಕೇಳಿದ ಪ್ರಮಾಣ ಈ ಮೇಲ್‌ಗೆ ಲಗತ್ತಾಗಿದೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಭಕ್ತಿಯಿಂದ ಆಲಿಸುವುದು.

ಸಾಕ್ಷಿಯಾಗಿ ಓವರ್‌ಲೇಕಿನಿಂದ ಸಂದೀಪ್ ಬಂದಿದ್ದ. ಕಳೆದ ಗಣೇಶನ ಹಬ್ಬದಲ್ಲಿ ಡಿಜೆ ಆಗಿ ತಮ್ಮಿಂದ ಬೈಸಿಕೊಂಡನಲ್ಲ, ಆ ಹುಬ್ಬಳ್ಳಿಯ ಹುಡುಗ. ಕೆಸರಿನ ಇಳಿಜಾರಿನಲ್ಲಿ ಎರಡು ಸಲ ಜಾರಿ ಬಿದ್ದ. "ಗೂಬಿ ಒದರೂದು ಕೇಳಾಕ ಇಷ್ಟು ದೂರ ಬರ್ಬೇಕಾಗಿತ್ತೇನು? ನಮ್ಮ ಮ್ಯಾನೇಜರ್ ದಿನಾ ಮುಂಜಾನೆ ಹತ್ತಕ್ಕ ಫ್ರೀ ಒದರ್ತಾನ" ಎಂದು ಗೊಣಗಿದ. ಸರ್ಕಾರಿ ಕೆಲಸದಲ್ಲಿ ಅಡ್ಡಿಪಡಿಸಬೇಡ ಎಂದು ಗದರಿಸಿ ಕೂರಿಸಿದೆ. ಅವನ ಬ್ಯಾಗಿನಲ್ಲಿ ಒಂದು ಪರಿಕರ ಇತ್ತು, ಅದರ ವಿವರ ಈ ವರದಿಗೆ ಅಪ್ರಸ್ತುತ.

ಕತ್ತಲಿಳಿಯುವ ಹೊತ್ತಿಗೆ ಕೂಗು ಬಂತು. ಒಂದಲ್ಲ, ನಾಲ್ಕಾರು ಸಲ ಬಂತು. ಪ್ರತಿ ಸಲವೂ ಒಂದೇ ಉದ್ದ, ಒಂದೇ ಏರಿಳಿತ. ಅಷ್ಟು ಶಿಸ್ತಿನ ಗೂಬೆಯನ್ನು ಪ್ರಪಂಚ ಕಂಡಿಲ್ಲ. ನಡುವೆ ಕಪ್ಪೆಗಳೋ ಏನೋ ಟುಕ್ ಟುಕ್ ಅಂದವು, ಅದನ್ನು ದಯವಿಟ್ಟು ಮನ್ನಿಸುವುದು. ಸಂದೀಪ್ ಬಾಯಿಗೆ ಕರ್ಚೀಫ್ ತುರುಕಿಕೊಂಡು ಕೂತಿದ್ದ. ಭಾವಾತಿರೇಕ ಎಂದು ಬರೆದುಕೊಳ್ಳಿ.

ಹೆಣ್ಣು ಮೊಟ್ಟೆಯಿಟ್ಟು ಕಾವಿಗೆ ಕೂತಿದ್ದಾಳೆ. ತೂತಿನಿಂದ ಅವಳ ಮುಖ ಮಾತ್ರ ಕಾಣುತ್ತದೆ. ಗಂಡು ಸಂಜೆಯಾದರೆ ಇಲಿಯನ್ನೋ ಹುಳುವನ್ನೋ ತಂದು ಬಾಗಿಲಲ್ಲೇ ಕೊಟ್ಟು ಹೋಗುತ್ತಾನೆ. ಡೆಲಿವರಿ ಹುಡುಗರಿಗೆ ಈತ ಮಾದರಿ.

ಸಹಿ (ಹೊಡೆದವಳು): ಸ್ಪಂದನಾ
ಸಹಿ (ನೋಡಿದವನು): ಸಂದೀಪ್, ಕೆಸರಿನ ಹೆಬ್ಬೆಟ್ಟಿನೊಂದಿಗೆ


ಸರಸ್ವತಿಪುರಂ, ಮೈಸೂರು
೭ ಏಪ್ರಿಲ್ ೨೦೨೫

ಚಿ. ಸ್ಪಂದನಾ,

ರೆಕಾರ್ಡಿಂಗ್ ಕೇಳಿದೆ. ಭೇಷ್.

ಕಾರ್ಖಾನೆಯಲ್ಲಿ ಒಂದು ಸಲದ ಅಳತೆಗೆ ಬೆಲೆಯಿರಲಿಲ್ಲ. ಇನ್ನೆರಡು ಸಂಜೆ ಹೋಗು. ಅದೇ ಜಾಗ, ಅದೇ ಸಾಕ್ಷಿ. ಈ ಸಲ ಸ್ವಲ್ಪ ಹೆಚ್ಚು ಹೊತ್ತು ಕೂರಿ, ಪೂರ್ತಿ ರೆಕಾರ್ಡ್ ಮಾಡಿ, ನಡುವಿನ ಕಪ್ಪೆಗಳನ್ನೂ ಬಿಡದೆ ಕಳಿಸು. ಹಾಸಿಗೆಯಲ್ಲಿ ಬಿದ್ದವನಿಗೆ ಹೊತ್ತು ಹೋಗುವುದಿಲ್ಲ.

ಇವತ್ತು ವಾಕರ್ ಹಿಡಿದು ಬಚ್ಚಲಿನವರೆಗೆ ನಡೆದೆ. ಅಕ್ಕ ಹಿಂದೆಯೇ ಬಂದು, "ನೋಡ್ಕೊಂಡು ಕಣೋ, ನೋಡ್ಕೊಂಡು" ಎನ್ನುತ್ತಿದ್ದಳು. ಅರವತ್ಮೂರು ವರ್ಷದ ಹಿಂದೆಯೂ ಹೀಗೆಯೇ ಅನ್ನುತ್ತಿದ್ದಳಂತೆ.

ಮಾವ


ಮುಕಿಲ್ಟಿಯೊ
೨೨ ಏಪ್ರಿಲ್ ೨೦೨೫

ಮಾವನವರಿಗೆ ನಮಸ್ಕಾರ.

ಉತ್ತರ ತಡವಾಯಿತು, ಕ್ಷಮಿಸಿ. ಕಾಲೇಜಿನ ಕೆಲಸ ಜಾಸ್ತಿಯಿತ್ತು. ಹೆಣ್ಣು ಕಾವಿನಲ್ಲಿದೆ. ಪೆಟ್ಟಿಗೆ ಭದ್ರವಾಗಿದೆ. ಮಳೆ ಕಡಿಮೆಯಾಗಿದೆ. ಫ್ರಿಡ್ಜ್ ಬಾಗಿಲಿಗೆ ನೀವು ಅಂಟಿಸಿ ಹೋಗಿರುವ ನಿಯಮಗಳನ್ನೆಲ್ಲ ಮತ್ತೊಮ್ಮೆ ಓದಿದೆ.

ನಿಮ್ಮ ಸೊಂಟ ಹೇಗಿದೆ? ಅಮ್ಮನಿಗೆ ನಮಸ್ಕಾರ ತಿಳಿಸಿ.

ಸ್ಪಂದನಾ


ಸರಸ್ವತಿಪುರಂ, ಮೈಸೂರು
೨೫ ಏಪ್ರಿಲ್ ೨೦೨೫

ಚಿ. ಸ್ಪಂದನಾ,

ನಿನ್ನ ಪತ್ರ ಬಂತು. ಬೇರೆ ಯಾರೋ ಬರೆದಿರಬೇಕು ಎಂದುಕೊಂಡು ಎರಡು ಸಲ ಹೆಸರು ನೋಡಿದೆ. ಸಂಸ್ಥಾನ ಎಲ್ಲಿ, ಸನ್ನಿಧಾನ ಎಲ್ಲಿ? ಬ್ಯಾಂಕಿನಿಂದ ಬರುವ ಪತ್ರಗಳೂ ಇದಕ್ಕಿಂತ ಅಕ್ಕರೆಯಿಂದಿರುತ್ತವೆ. ಪರೀಕ್ಷೆಯಲ್ಲಿ ಹೆಚ್ಚು ಕಡಿಮೆಯಾಯಿತೇ? ಸಂದೀಪನೊಡನೆ ಜಗಳವೇ? ಹಾಗಿದ್ದರೆ ಹೇಳು, ಅಕ್ಕನಿಗೆ ತಿಳಿಸುವುದಿಲ್ಲ. ಅವಳು ಆಗಲೇ ಸಂದೀಪನ ಊರು, ಮನೆತನ ಎಲ್ಲ ವಿಚಾರಿಸುತ್ತಿದ್ದಾಳೆ, ಅದು ಬೇರೆ.

ಉಳಿದೆರಡು ಸಂಜೆಯ ರೆಕಾರ್ಡಿಂಗ್ ಬರಲೇ ಇಲ್ಲ. ಮೊದಲನೆಯದನ್ನೇ ದಿನಕ್ಕೆ ಹತ್ತು ಸಲ ಹಾಕಿಕೊಂಡು ಕೇಳುತ್ತೇನೆಂದು ಅಕ್ಕ ಇಯರ್‌ಫೋನ್ ಬಚ್ಚಿಟ್ಟಿದ್ದಾಳೆ.

ಹೆಣ್ಣಿನ ಬಗ್ಗೆ ಬರೆದಿದ್ದೀಯ. ಗಂಡಿನ ವಿಷಯ ಒಂದಕ್ಷರವೂ ಇಲ್ಲ. ಸೀಡರ್ ಮರದಲ್ಲಿ ಕಾಣುತ್ತಾನೋ? ಸಂಜೆ ಊಟ ತರುತ್ತಿದ್ದಾನೋ? ಅಷ್ಟು ತಿಳಿಸು ಸಾಕು.

ಮಾವ


ಮುಕಿಲ್ಟಿಯೊ
೬ ಮೇ ೨೦೨೫

ಮಾವ,

ಮರಿಗಳು ಹೊರಬಂದಿವೆ. ಮೂರು. ಕೋಲು ಕ್ಯಾಮೆರಾದಲ್ಲಿ ನೋಡಿದೆ. ಬೆಳ್ಳಗೆ, ಕಣ್ಣು ಮುಚ್ಚಿಕೊಂಡು, ಒಂದರ ಮೇಲೊಂದು ಬಿದ್ದುಕೊಂಡಿವೆ. ಈ ಸಂಗತಿಯನ್ನು ಹೇಗೆ ಬರೆಯಬೇಕೆಂದು ಮೊದಲು ಬಹಳ ಯೋಚಿಸಿಟ್ಟಿದ್ದೆ. ರಾಜಕುಮಾರರ ಜನನ, ಸಕ್ಕರೆ ಹಂಚಿಕೆ, ಕೈದಿಗಳ ಬಿಡುಗಡೆ, ಹೀಗೆಲ್ಲ. ಈಗ ಬರೆಯಲು ಆಗುತ್ತಿಲ್ಲ.

ಗಂಡು ಕೆಲವು ದಿನಗಳಿಂದ ಕಾಣಿಸುತ್ತಿಲ್ಲ. ಬೇರೆ ಮರಕ್ಕೆ ಹೋಗಿರಬಹುದು.

ಒಂದು ಪ್ರಶ್ನೆ. ಓದಿಗಾಗಿ ಕೇಳುತ್ತಿದ್ದೇನೆ ಅಂದುಕೊಳ್ಳಿ. ಗಂಡು ಇಲ್ಲದೆ ಹೆಣ್ಣೊಂದೇ ಮರಿಗಳನ್ನು ಸಾಕಬಲ್ಲದೇ? ಅದು ಬೇಟೆಗೆ ಹೋದರೆ ಮರಿಗಳಿಗೆ ಚಳಿಯಾಗುತ್ತದೆ. ಹೋಗದಿದ್ದರೆ ಹಸಿವು. ಅದು ಯಾವುದನ್ನು ಆರಿಸಿಕೊಳ್ಳುತ್ತದೆ?

ನಿಮ್ಮ ಫ್ರೀಜರಿನ ಮೇಲಿನ ಖಾನೆ ಖಾಲಿ ಮಾಡಿದ್ದೇನೆ. ಅಲ್ಲಿದ್ದ ಕಾಯಿತುರಿ, ಕರಿಬೇವಿನ ಡಬ್ಬಿ ಎಲ್ಲ ಸಂದೀಪನ ಮನೆಯಲ್ಲಿವೆ. ಕಾರಣ ಆಮೇಲೆ ಹೇಳುತ್ತೇನೆ.

ಸ್ಪಂದನಾ


ಸರಸ್ವತಿಪುರಂ, ಮೈಸೂರು
೯ ಮೇ ೨೦೨೫

ಚಿ. ಸ್ಪಂದನಾ,

ಫ್ರೀಜರ್ ತೊಳೆದಿಟ್ಟದ್ದು ಒಳ್ಳೆಯದೇ ಆಯಿತು. ನಾನು ಹೊರಡುವ ಗಡಿಬಿಡಿಯಲ್ಲಿ ಹಾಗೇ ಬಿಟ್ಟು ಬಂದಿದ್ದೆ.

ಗಂಡು ಬೇರೆ ಮರಕ್ಕೆ ಹೋಗಿಲ್ಲ. ಮರಿಗಳನ್ನು ಬಿಟ್ಟು ಅದು ಎಲ್ಲಿಗೂ ಹೋಗುವುದಿಲ್ಲ. ನಿನಗೆ ಗೊತ್ತಿಲ್ಲದಿರಬಹುದು, ಆ ಕಡೆ ಎದೆಯ ಮೇಲೆ ಪಟ್ಟೆಗಳಿರುವ ದೊಡ್ಡ ಗೂಬೆಗಳಿವೆ. ಬಾರ್ಡ್ ಔಲ್ ಎನ್ನುತ್ತಾರೆ. ಅವು ನಮ್ಮ ಸಣ್ಣ ಗೂಬೆಗಳನ್ನು ಹಿಡಿದು ತಿನ್ನುತ್ತವೆ. ಊರೂರಿನಲ್ಲಿ ಸ್ಕ್ರೀಚ್ ಗೂಬೆ ಇಲ್ಲವಾಗುತ್ತಿರುವುದು ಅವುಗಳಿಂದಲೇ. ಗಂಡು ಅಂಥದೊಂದರ ಪಾಲಾಗಿದೆ.

ಇದರಲ್ಲಿ ತಪ್ಪು ನನ್ನದು. ಕಳೆದ ಚಳಿಗಾಲಕ್ಕೆ ಮುಂಚೆ ಸೊಂಟ ನೋವಿನಿಂದ ಇಳಿಜಾರು ಇಳಿಯಲಾಗದೆ, ಅಡಿಗೆಮನೆಯ ಕಿಟಕಿಯಿಂದಲೇ ಪೆಟ್ಟಿಗೆ ಕಾಣಲಿ ಎಂದು ಆ ಸೀಡರ್ ಮರದ ಕೆಳಗೊಂಬೆಗಳನ್ನು ಕಡಿಸಿದ್ದೆ. ಅದು ಅವನ ಮರೆ. ನನ್ನ ಸುಖಕ್ಕೆ ಅವನ ಮರೆಯನ್ನು ತೆಗೆಸಿದೆ. ಹೀಗೆಂದು ಗುಂಪಿನವರಿಗೆ ನಿನ್ನೆ ಬರೆದು ಕಳಿಸಿದ್ದೇನೆ. ಈ ಸಲದ ಮರಿಗಳ ಕಥೆ ಮುಗಿದ ಮೇಲೆ ಕಮರಿಯ ಪೆಟ್ಟಿಗೆಗಳನ್ನೆಲ್ಲ ಇಳಿಸಿಬಿಡಿ, ಅಲ್ಲಿ ಗೂಡು ಕಟ್ಟಿಸುವ ಯೋಗ್ಯತೆ ನನಗಿಲ್ಲ ಎಂದೂ ಬರೆದೆ.

ಹೆಣ್ಣೊಂದೇ ಸಾಕುವುದು ಕಷ್ಟ. ಸಾಧಾರಣವಾಗಿ ಆಗುವುದಿಲ್ಲ. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಾನು ಹೇಳಿದಷ್ಟನ್ನು ನೀನು ಮಾಡಿದ್ದೀಯ.

ಮಾವ


ಮುಕಿಲ್ಟಿಯೊ
೧೧ ಮೇ ೨೦೨೫

ಮಾವ,

ನಿಮ್ಮ ಸೀಡರ್ ಮರದ ಮೇಲೆ ಗೂಬೆ ಕೂರಿಸಬೇಡಿ. ಇದು ತಮಾಷೆಯಾಗಿ ಕಾಣಿಸಿದರೆ ಕ್ಷಮಿಸಿ, ನನಗೆ ಬೇರೆ ರೀತಿ ಶುರುಮಾಡಲು ಬರುತ್ತಿಲ್ಲ.

ಆ ಮೊದಲ ವರದಿ ಸುಳ್ಳು. ಆ ಸಂಜೆ ನಾನು ದಿಮ್ಮಿಯ ಮೇಲೆ ಕೂತಿರಲಿಲ್ಲ. ಪೇಟೆಯ ಕಡೆ, ಸೌತ್ ಲೇಕ್ ಯೂನಿಯನ್ನಿನಲ್ಲಿ, ಗೆಳತಿಯ ಹುಟ್ಟುಹಬ್ಬಕ್ಕೆ ಹೋಗಿದ್ದೆ. ನಿಮಗೆ ಬರೆಯಬೇಕಲ್ಲ ಎಂದು ಹೋಟೆಲಿನಲ್ಲಿ ಕೂತೇ ಫೋನಿನಲ್ಲಿ ಸ್ಕ್ರೀಚ್ ಗೂಬೆಯ ಕೂಗು ಹುಡುಕಿದೆ. ಮೊದಲು ಸಿಕ್ಕಿದ್ದು ಕುದುರೆ ಕೆನೆದ ಹಾಗಿತ್ತು, ಅದನ್ನೇ ಬರೆದೆ. ನೀವು ರೆಕಾರ್ಡಿಂಗ್ ಕಳಿಸು ಎಂದಿರಿ. ಸುಳ್ಳು ಸಿಕ್ಕಿಬೀಳುವ ಭಯಕ್ಕಿಂತ, ನಿಮ್ಮನ್ನು ಯಾಮಾರಿಸುವ ಉತ್ಸಾಹವೇ ಜಾಸ್ತಿಯಿತ್ತು. ಸಂದೀಪನ ಬ್ಯಾಗಿನಲ್ಲಿದ್ದ ಪರಿಕರ ಅವನ ಸ್ಪೀಕರ್. ಮರದ ಕೆಳಗೆ ಅದನ್ನಿಟ್ಟು, ನನ್ನ ಫೋನಿನಿಂದ ಆ ಕೂಗು ಹಾಕಿ, ಅವನ ಫೋನಿನಲ್ಲಿ ರೆಕಾರ್ಡ್ ಮಾಡಿದೆವು. ಗೂಡಿನ ಹತ್ತಿರ ಕೂಗು ನುಡಿಸಬಾರದು ಎಂದು ಫ್ರಿಡ್ಜ್ ಬಾಗಿಲಲ್ಲಿ ನೀವೇ ಬರೆದಿದ್ದೀರಿ. ಓದಿದ್ದೆ.

ಎರಡನೆಯ ಸಂಜೆ ಏನೂ ಆಗಲಿಲ್ಲ. ಮಳೆ ಬಂತು, ವಾಪಸು ಬಂದೆವು. ಮೂರನೆಯ ಸಂಜೆ ಗಂಡು ಸೀಡರ್ ಬಿಟ್ಟು ಹೊರಗೆ ಬಂದ. ಎಲೆಯಿಲ್ಲದ ಕೊಂಬೆಯೊಂದರ ಮೇಲೆ, ಸ್ಪೀಕರಿನ ನೇರಕ್ಕೆ ಕೂತ. ಮನೆಯೊಳಗೆ ಯಾರೋ ಹೊರಗಿನವರು ನುಗ್ಗಿದ್ದಾರೆ ಅಂದುಕೊಂಡಿರಬೇಕು. ಕತ್ತು ಅತ್ತಿತ್ತ ತಿರುಗಿಸಿ ಹುಡುಕುತ್ತಿದ್ದ. ಅಷ್ಟು ಹತ್ತಿರದಿಂದ ನಾನು ಅವನನ್ನು ನೋಡಿರಲಿಲ್ಲ. ಖುಷಿಗೆ ವಾಲ್ಯೂಮ್ ಹೆಚ್ಚು ಮಾಡಿದೆ.

ನೀವು ಹೇಳಿದ ಆ ದೊಡ್ಡ ಗೂಬೆ ಬಂದದ್ದು ನಮಗೆ ಕೇಳಿಸಲೇ ಇಲ್ಲ. ಕೊಂಬೆ ಅಲುಗಿತು. ಆಮೇಲೆ ಅಲ್ಲಿ ಯಾರೂ ಇರಲಿಲ್ಲ. ಸ್ಪೀಕರ್ ಮಾತ್ರ ಕೆನೆಯುತ್ತಲೇ ಇತ್ತು. ಸಂದೀಪ್ ತುಂಬ ಮೆಲ್ಲಗೆ, "ಆಫ್ ಮಾಡ, ಸ್ಪಂದನಾ" ಅಂದ. ಅವನೇ ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಆಫ್ ಮಾಡಿದ. ಮರುದಿನ ಸ್ವಲ್ಪ ದೂರದಲ್ಲಿ ಒಂದು ರೆಕ್ಕೆ ಸಿಕ್ಕಿತು.

ವನ್ಯಜೀವಿಗಳ ಆಸ್ಪತ್ರೆಗೆ ಫೋನ್ ಮಾಡಿದೆ. ಗಂಡು ಸತ್ತದ್ದು ನಿಮಗೆ ಹೇಗೆ ಗೊತ್ತಾಯಿತು ಎಂದು ಆ ಹೆಂಗಸು ತುಂಬ ಸಮಾಧಾನದಿಂದ ಕೇಳಿದರು. ಫೋನ್ ಇಟ್ಟುಬಿಟ್ಟೆ. ಅವತ್ತಿನಿಂದ ಹಾವು ಸಾಕುವವರಿಗೆಂದು ಅಂಗಡಿಯಲ್ಲಿ ಮಾರುವ ಸತ್ತ ಇಲಿಗಳನ್ನು ತಂದು, ನಿಮ್ಮ ಫ್ರೀಜರಿನಲ್ಲಿಟ್ಟು, ಸಂಜೆ ಬಿಸಿನೀರಿನಲ್ಲಿ ಕರಗಿಸಿ, ಕೋಲಿನ ತುದಿಗೆ ಚಮಚ ಕಟ್ಟಿ ಪೆಟ್ಟಿಗೆಯ ಮಾಡಿನ ಮೇಲೆ ಇಡುತ್ತಿದ್ದೇನೆ. ಮೊದಲ ಎರಡು ದಿನ ಕಾಗೆ ತಿಂದುಹೋಯಿತು. ಮೂರನೆಯ ದಿನ ಅವಳು ಹೊರಗೆ ಬಂದು ತೆಗೆದುಕೊಂಡಳು. ಮೊಟ್ಟೆ ಕೂಡ ತಿನ್ನದ ನಮ್ಮವರ ಅಡಿಗೆಮನೆಯಲ್ಲಿ ಹೀಗೆ ಮಾಡಿದ್ದಕ್ಕೆ ಅಮ್ಮ ಏನು ಬೇಕಾದರೂ ಅನ್ನಲಿ.

ಕೊಂಬೆ ಕಡಿಸಿದ್ದು ಕಾರಣವಲ್ಲ ಮಾವ. ಅವನು ಮರೆಯಲ್ಲೇ ಇದ್ದ. ನಾನು ಕರೆದದ್ದಕ್ಕೆ ಹೊರಗೆ ಬಂದ. ಪೆಟ್ಟಿಗೆ ಇಳಿಸಬೇಡಿ ಎಂದು ಅವರಿಗೆ ಬರೆಯಿರಿ.

ಬೈದು ಬರೆಯಿರಿ. ಬರೆಯದೆ ಮಾತ್ರ ಇರಬೇಡಿ.

ಸ್ಪಂದನಾ


ಸರಸ್ವತಿಪುರಂ, ಮೈಸೂರು
೨೪ ಮೇ ೨೦೨೫

ಸ್ಪಂದನಾ,

ಬರೆಯದೆ ಇರಬೇಡಿ ಎಂದು ನೀನು ಬರೆದಿದ್ದೆ. ಇಷ್ಟು ದಿನ ಬರೆಯಲಿಲ್ಲ. ನಿನ್ನ ಮೇಲಿನ ಕೋಪಕ್ಕೆ ಎಂದು ನೀನು ತಿಳಿದುಕೊಂಡಿರುತ್ತೀಯ. ಅಲ್ಲ.

ಕುದುರೆಯಂತೆ ಕೆನೆಯುವುದು ಆ ದೇಶದ ಪೂರ್ವದ ಕಡೆಯ ಸ್ಕ್ರೀಚ್ ಗೂಬೆ. ಬೆಟ್ಟಸಾಲಿನ ಪಶ್ಚಿಮಕ್ಕೆ, ನಮ್ಮ ಕಮರಿಯ ಕಡೆ, ಅದು ಇಲ್ಲವೇ ಇಲ್ಲ. ನಮ್ಮದರ ಕೂಗು ಬೇರೆ. ಕಲ್ಲುಹಾಸಿನ ಮೇಲೆ ಬಿಟ್ಟ ಗೋಲಿ ಪುಟಿದು, ಪುಟಿದು, ಬೇಗ ಬೇಗ ಪುಟಿದು ನಿಂತ ಹಾಗಿರುತ್ತದೆ. ಮೊದಲ ಪತ್ರದಲ್ಲಿಯೇ ನಿನ್ನ ಸುಳ್ಳು ನನಗೆ ತಿಳಿಯಿತು. ನಕ್ಕೆ. ಹಾಸಿಗೆಯಲ್ಲಿ ಕೂತು ಕಳ್ಳಿ ವರದಿ ಬರೆಯುತ್ತಿದ್ದಾಳೆ, ಮಳೆಯಲ್ಲಿ ಆ ಇಳಿಜಾರು ಇಳಿಸಿ ಬುದ್ಧಿ ಕಲಿಸಬೇಕು ಎಂದು ಸಾಕ್ಷಿ, ಸಹಿ, ರೆಕಾರ್ಡಿಂಗ್ ಎಂದೆಲ್ಲ ನಾಟಕ ಹೂಡಿದೆ. ನೀನು ಬರಿಗೈಯಲ್ಲಿ ಬಂದು ತಪ್ಪೊಪ್ಪಿಕೊಳ್ಳುತ್ತೀಯ ಎಂದುಕೊಂಡಿದ್ದೆ.

ರೆಕಾರ್ಡಿಂಗ್ ಬಂತು. ನೀನು ಅಲ್ಲಿ ಕೂಗು ನುಡಿಸಿದ್ದೀಯ ಎಂದು ಕೇಳಿದ ಕೂಡಲೇ ಗೊತ್ತಾಯಿತು. ಅಷ್ಟೇ ಅಲ್ಲ. ನೀನು ಕಪ್ಪೆ ಎಂದೆಯಲ್ಲ, ಅದು ಕಪ್ಪೆಯಲ್ಲ. ಅವನೇ. ಸ್ಪೀಕರಿಗೆ ಉತ್ತರ ಕೊಡುತ್ತಿದ್ದ. ಆ ಧ್ವನಿ ಕೇಳಿ ತಿಂಗಳುಗಳಾಗಿದ್ದವು, ಸ್ಪಂದನಾ. ನಿಲ್ಲಿಸು, ಇನ್ನು ಒಮ್ಮೆಯೂ ಹಾಕಬೇಡ ಎಂದು ಆ ಕ್ಷಣ ಬರೆಯಬೇಕಾಗಿತ್ತು. ಇನ್ನೆರಡು ಸಂಜೆ ಹೋಗು, ಕಪ್ಪೆಗಳನ್ನೂ ಬಿಡಬೇಡ ಎಂದು ಬರೆದೆ. ಆಗ ಅದು ತಮಾಷೆಯಾಗಿ ಉಳಿದಿರಲಿಲ್ಲ. ನನಗೆ ಅವನನ್ನು ಕೇಳಬೇಕಿತ್ತು.

ಇನ್ನೊಂದಿದೆ. ಆ ರೆಕಾರ್ಡಿಂಗಿನ ಕೊನೆಯಲ್ಲಿ, ಬಹಳ ದೂರದಿಂದ, ಹೂ ಹೂ ಎಂದು ಮತ್ತೊಂದು ಧ್ವನಿಯಿದೆ. ಅಕ್ಕನ ಕಿವಿಗೆ ಇಯರ್‌ಫೋನ್ ಇಟ್ಟು ಇದೇನು ಎಂದು ಕೇಳಿದೆ. "ನಾಯಿ ಕಣೋ" ಎಂದಳು. ನಾಯಿ ಎಂದೇ ಒಪ್ಪಿಕೊಂಡೆ. ಪಟ್ಟೆ ಗೂಬೆಯ ಧ್ವನಿ ಅಕ್ಕನಿಗೆ ಗೊತ್ತಿರಲು ಸಾಧ್ಯವಿಲ್ಲ. ನನಗೆ ಗೊತ್ತಿತ್ತು.

ಗಂಡು ಕಾಣುತ್ತಿಲ್ಲ ಎಂದು ನೀನು ಬರೆದಾಗ ಏನಾಗಿದೆ ಎಂದು ಊಹಿಸಿದೆ. ಆಗ ಸೀಡರ್ ಕೊಂಬೆಯ ವಿಷಯ ಮುಂದಿಟ್ಟೆ. ಕೊಂಬೆ ಕಡಿಸಿದ್ದು ನಿಜವೇ. ಆದರೆ ಅದು ಹೇಳಿಕೊಳ್ಳಲು ಚೆನ್ನಾಗಿರುವ ತಪ್ಪು. ಗುಂಪಿನವರೆಲ್ಲ ಸಮಾಧಾನ ಹೇಳಿ ಬರೆದರು. ಓದಿದೆ, ಹಿತವಾಗಿಯೂ ಇತ್ತು. ನಿನ್ನ ಪತ್ರ ಬಂದ ಮೇಲೆ ಅವನ್ನು ತೆರೆದು ನೋಡಲು ಆಗಿಲ್ಲ.

ನೀನು ಯಾರಿಗೂ ಏನೂ ಬರೆಯಬೇಡ. ಅಲ್ಲಿ ಓದುತ್ತಿರುವವಳು ನೀನು, ಹೆಸರು ಕೆಡಿಸಿಕೊಳ್ಳಬೇಡ. ಮಾವ ಹೇಳಿದ್ದಕ್ಕೆ ಮಾಡಿದೆ ಎಂದು ನಾನೇ ಬರೆದು ಎಲ್ಲ ನನ್ನ ಮೇಲೆ ಹಾಕಿಕೊಳ್ಳುತ್ತೇನೆ.

ಫ್ರೀಜರಿನ ಇಲಿಗಳ ವಿಷಯ ಅಕ್ಕನಿಗೆ ಹೇಳಿದೆ. ಎರಡು ದಿನ ಮಾತೇ ಆಡಲಿಲ್ಲ. ಮೂರನೆಯ ದಿನ ನನಗೆ ಕಾಫಿ ಕೊಡುತ್ತ, "ಮೂರು ಮರೀಗೂ ಸಾಕಾಗತ್ತಂತಾ?" ಎಂದು ಕೇಳಿದಳು.

ಮಾವ


ಮುಕಿಲ್ಟಿಯೊ
೧೨ ಜೂನ್ ೨೦೨೫

ಮಾವ,

ಸಾಕಾಗಲಿಲ್ಲ ಎಂದು ಅಮ್ಮನಿಗೆ ಹೇಳಿ. ಚಿಕ್ಕದು ಮೊದಲ ವಾರದಲ್ಲೇ ಹೋಯಿತು. ಇನ್ನೊಂದು, ನಿಮ್ಮ ಪತ್ರ ಬಂದ ಹಿಂದಿನ ದಿನ. ಅವತ್ತು ಜೋರು ಗಾಳಿ ಮಳೆ, ಅವಳು ಬೇಟೆಗೆ ಹೋಗಿ ತುಂಬ ತಡವಾಗಿ ಬಂದಳು. ಕೋಲು ಕ್ಯಾಮೆರಾದಲ್ಲಿ ನೋಡಿದಾಗ ಉಳಿದ ಒಂದು ಮರಿ ಸತ್ತದ್ದಕ್ಕೆ ಒರಗಿಕೊಂಡು ನಿದ್ದೆ ಮಾಡುತ್ತಿತ್ತು.

ಆ ಒಂದು ಬದುಕಿದೆ. ಕಳೆದ ವಾರ ತೂತಿನ ಅಂಚಿಗೆ ಬಂದು ಕೂತು ಪ್ರಪಂಚವನ್ನು ನೋಡಿತು. ಮೊನ್ನೆ ಕೊಂಬೆಗೆ ಹಾರಿತು. ಹಾರಿತು ಎನ್ನುವುದು ಗೌರವದ ಮಾತು, ಬಿತ್ತು ಎನ್ನಬೇಕು. ಬಿದ್ದು, ಉಗುರು ಊರಿ, ತಲೆಕೆಳಗಾಗಿ ನೇತಾಡಿ, ಆಮೇಲೆ ತನ್ನ ಉದ್ದೇಶವೇ ಅದಾಗಿತ್ತು ಎಂಬಂತೆ ನೆಟ್ಟಗೆ ಕೂತಿತು. ನಗು ಬಂತು. ನಕ್ಕೆ. ಆಮೇಲೆ ಯಾರಾದರೂ ನೋಡಿದರೇನೋ ಎಂದು ಸುತ್ತ ನೋಡಿದೆ.

ನೀವು ಬೇಡವೆಂದರೂ ಗುಂಪಿನವರಿಗೆ ಬರೆದೆ. ನಾನು ಮಾಡಿದ್ದಷ್ಟನ್ನೇ ಬರೆದಿದ್ದೇನೆ: ಕೇಳದೆಯೇ ಕೇಳಿದೆ ಎಂದದ್ದು, ಸ್ಪೀಕರ್ ಇಟ್ಟದ್ದು, ವಾಲ್ಯೂಮ್ ಹೆಚ್ಚು ಮಾಡಿದ್ದು, ಆಸ್ಪತ್ರೆಯವರ ಫೋನ್ ಇಟ್ಟುಬಿಟ್ಟದ್ದು. ಸಂದೀಪ್ ತನ್ನ ಹೆಸರೂ ಹಾಕು ಎಂದು ಹಟ ಹಿಡಿದ. "ಸ್ಪೀಕರ್ ನಂದು. ನಿನ್ನ ಹಿಂದ ಅಡಗಿ ಕೂಡ್ಲೇನು?" ಎಂದ. ಅವನದನ್ನು ಅವನೇ ಒಂದು ಸಾಲಿನಲ್ಲಿ ಬರೆದು ಸೇರಿಸಿದ. ನಿಮ್ಮ ಹೆಸರು ನಾನು ಎಲ್ಲಿಯೂ ತಂದಿಲ್ಲ. ಅದು ನಿಮ್ಮನ್ನು ಉಳಿಸಲಿಕ್ಕಲ್ಲ ಮಾವ. ನನ್ನದನ್ನು ನೀವು ಹೊತ್ತುಕೊಳ್ಳುವುದು ಬೇಡ. ನಿಮ್ಮದನ್ನು ನಾನು ಬರೆಯಲಾರೆ. ನೀವೇ ಬರೆಯಬೇಕು, ನನ್ನ ಹೆಸರು ಬಿಟ್ಟು.

ಅವರ ಉತ್ತರ ಬಂತು. ಕೆಟ್ಟ ಮಾತು ಒಂದೂ ಇಲ್ಲ, ಅದೇ ಕಷ್ಟವಾಯಿತು. ಪೆಟ್ಟಿಗೆ ಇಳಿಸುವುದನ್ನು ಸದ್ಯಕ್ಕೆ ತಡೆದಿದ್ದಾರೆ. ಮುಂದಿನ ವರ್ಷ ಬೇರೆಯವರು ನೋಡಿಕೊಳ್ಳುತ್ತಾರೆ. ನಾನು ಗೂಡಿನ ಕೆಲಸಕ್ಕೆ ಬರುವಂತಿಲ್ಲ. ಕೋಲು ಕ್ಯಾಮೆರಾವನ್ನು ಶನಿವಾರ ಒಬ್ಬರು ಬಂದು ತೆಗೆದುಕೊಂಡು ಹೋದರು. ಇಲಿ ಇಡುವುದನ್ನೂ ನಿಲ್ಲಿಸಬೇಕೆಂದರು. ಮರಿ ಇನ್ನು ತಾಯಿಯ ಹಿಂದೆ ಹೋಗಿ ಬೇಟೆ ಕಲಿಯಬೇಕು, ಮಾಡಿನ ಮೇಲೆ ಊಟ ಸಿಗುತ್ತಿದ್ದರೆ ಕಲಿಯುವುದಿಲ್ಲ ಎಂದರು. ನಿಲ್ಲಿಸಿದ್ದೇನೆ. ಉಳಿದ ಇಲಿಗಳನ್ನು ಆ ಆಸ್ಪತ್ರೆಗೇ ಕೊಟ್ಟು ಬಂದೆ. ಫೋನಿನಲ್ಲಿ ಮಾತಾಡಿದ್ದ ಹೆಂಗಸು ಇದ್ದರೋ ಏನೋ, ನಾನು ಕೇಳಲಿಲ್ಲ. ಫ್ರೀಜರನ್ನು ಮೂರು ಸಲ ತೊಳೆದಿದ್ದೇನೆ, ಅಮ್ಮ ಹೇಳಿದರೆ ನಾಲ್ಕನೆಯ ಸಲವೂ ತೊಳೆಯುತ್ತೇನೆ.

ನಿನ್ನೆ ಸಂಜೆ ದಿಮ್ಮಿಯ ಹತ್ತಿರ ಹೋಗಲಿಲ್ಲ. ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದೆ. ಮರಿ ಕಮರಿಯ ಆಚೆ ಬದಿಗೆ ಹೋಗಿಬಿಟ್ಟಿತ್ತು. ಬೆಳಕು ಹೋಗುವ ಹೊತ್ತಿಗೆ ಹೆಣ್ಣು ಕೂಗಿತು. ನೀವು ಹೇಳಿದ ಹಾಗೆಯೇ, ಗೋಲಿ ಪುಟಿದ ಹಾಗೆ. ನಾನು ಅದನ್ನು ನಿಜವಾಗಿ ಕೇಳಿದ್ದು ಇದೇ ಮೊದಲು. ಕೂಗಿ ಸ್ವಲ್ಪ ಹೊತ್ತು ಸುಮ್ಮನಿರುತ್ತಿತ್ತು, ಮತ್ತೆ ಕೂಗುತ್ತಿತ್ತು. ಆ ನಡುವಿನ ಸ್ವಲ್ಪ ಹೊತ್ತು ಯಾರದೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನಿಮಗೆ ಕಳಿಸಿದ ಆ ರೆಕಾರ್ಡಿಂಗಿನಲ್ಲಿ ಅವನ ಧ್ವನಿ ನನ್ನ ಜೇಬಿನಲ್ಲೇ ಇತ್ತು, ಫೋನಿನಲ್ಲಿ. ಒಂದು ಸಲ ಒತ್ತಿದ್ದರೆ ಅವಳಿಗೆ ಉತ್ತರ ಸಿಗುತ್ತಿತ್ತು. ಕೈ ಜೇಬಿನ ಹತ್ತಿರ ಹೋಗಲಿಲ್ಲ ಎಂದು ಬರೆದರೆ ಅದು ಇನ್ನೊಂದು ಸುಳ್ಳು. ಹೋಯಿತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಅವಳು ಕೂಗುವುದನ್ನು ನಿಲ್ಲಿಸುವವರೆಗೆ ಕೂತಿದ್ದೆ.

ಸ್ಪಂದನಾ